ಪುಂಡಿನಾರಿನಿಂದ ಕ್ಲಚ್ ಪ್ಲೇಟಿನವರೆಗೆ

ದೀಪಾವಳಿ ಮುಗಿದು ಎಂಟೊಂಬತ್ತು ದಿನ ಕಳೆದರೆ ಕಲಘಟಗಿ ಸೀಮೆಗೆ ಅದರದೇ ಒಂದು ವಾಸನೆ ಬರುತ್ತದೆ. ಕೊಯ್ದ ಭತ್ತದ ಹಸಿ ಹುಲ್ಲು, ಡಾಂಬರು ರಸ್ತೆಯ ಅಂಚಿಗೆ ಹರವಿದ ಗೋವಿನಜೋಳ, ಇಬ್ಬನಿಗೆ ತೊಯ್ದ ಕೆಮ್ಮಣ್ಣು, ಹೇರು ಎಳೆಯುವ ಟ್ರ್ಯಾಕ್ಟರಿನ ಡೀಸೆಲ್ ಹೊಗೆ, ಎಲ್ಲ ಸೇರಿದ ವಾಸನೆ ಅದು. ನವಲಗುಂದ, ಅಣ್ಣಿಗೇರಿ ಕಡೆಯ ಎರಿಹೊಲದ ಕರಿಬಣ್ಣ ಎಂದೋ ಹಿಂದೆ ಬಿದ್ದಿರುತ್ತದೆ. ಗಿಡಮರ ದಟ್ಟವಾಗುತ್ತವೆ, ಗದ್ದೆಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ, ಸಾಗವಾನಿಯ ಅಗಲ ಎಲೆಗಳ ಮೇಲೆ ದಾರಿಯ ಕೆಂಧೂಳಿ ಕೂತಿರುತ್ತದೆ. ಧಾರವಾಡ ಜಿಲ್ಲೆ ಮಲೆನಾಡಿನ ಸೆರಗು ಹಿಡಿಯುವ ಈ ಜಾಗದಲ್ಲೇ ತಂಬೂರ ಇದೆ. ಹಳೆಯ ಬಸವಣ್ಣನ ಗುಡಿಗೆ ಹೊರಟವರ ಬೈಕುಗಳು, ಹುಲ್ಲಿನ ಹೊರೆ ಹೊತ್ತ ಹೆಣ್ಣುಮಕ್ಕಳು, ಕಣದಿಂದ ಬರುವ ರಾಶಿ ಯಂತ್ರದ ಗದ್ದಲ ದಾಟಿ, ಊರ ದಾರಿಯ ತಿರುವಿನಲ್ಲಿ ಸ್ವಲ್ಪ ನಿಲ್ಲೋಣ ಬನ್ನಿ.

ಹಳೆ ಟೈರುಗಳ ಗುಡ್ಡೆ, ಅದರ ಹಿಂದೆ ತಗಡಿನ ಚಪ್ಪರ. ಗ್ರೀಸು, ಆಯಿಲು ಕುಡಿದು ಕುಡಿದು ನೆಲ ಕಪ್ಪಾಗಿದೆ. ಟ್ರ್ಯಾಕ್ಟರೊಂದನ್ನು ನಡುವೆ ಬಿಚ್ಚಿ ಎರಡು ಭಾಗ ಮಾಡಿ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದ್ದಾರೆ. ಮೊಣಕೈವರೆಗೆ ಕರ್ರಗಾದ ಹುಡುಗನೊಬ್ಬ ಒಳಗಿನಿಂದ ಊಟದ ತಟ್ಟೆಯಗಲದ ದುಂಡನೆಯ ಪ್ಲೇಟೊಂದನ್ನು ಎಳೆದು, ಹಿಂದೆ ನಿಂತಿದ್ದ ಹಿರಿಯರ ಮುಂದೆ ಹಿಡಿಯುತ್ತಾನೆ.

"ಕಾಕಾ, ಕ್ಲಚ್ ಮ್ಯಾಗ ಕಾಲಿಟ್ಕೊಂಡ ಕುಂತ್ರ ಇದೇನ್ ಮಾಡತೈತ್ರಿ? ಕರಕಾಗೇತಿ ನೋಡ್ರಿ."

"ಹಸಿ ಗದ್ಯಾಗ ಹೇರು ತುಂಬಿದ ಟ್ರೇಲರ್ ಎಬ್ಬಸ್ಬೇಕಂದ್ರ ಮತ್ತ ಹೆಂಗ್ ಮಾಡೂದೋ ತಮ್ಮಾ?"

ಕ್ಲಚ್ ಪ್ಲೇಟಿನ ಮೈಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ದೂರಕ್ಕೆ ಕಂದು ಬಣ್ಣದ ಹಲಗೆ ಎನಿಸುವುದು, ಹತ್ತಿರ ಹೋದರೆ ನೂಲು. ದಾರದ ಎಳೆಗಳನ್ನು ಸುರುಳಿ ಸುರುಳಿಯಾಗಿ ಸುತ್ತಿ, ನಡುನಡುವೆ ಸಣ್ಣ ಹಿತ್ತಾಳೆ ತಂತಿ ಸೇರಿಸಿ, ಎಲ್ಲವನ್ನೂ ಅಂಟಿನಲ್ಲಿ ಅದ್ದಿ, ಬಿಸಿಯಲ್ಲಿ ಒತ್ತಿ ಗಟ್ಟಿ ಮಾಡಿದ್ದಾರೆ. ಸವೆದ ಕಡೆ ತಂತಿ ಮಿಂಚುತ್ತದೆ. ಅಂಟು ಸುಟ್ಟ ಕಡೆ ಕನ್ನಡಿಯ ಹೊಳಪು ಬಂದಿದೆ, ಆ ಹೊಳಪು ಬಂತೆಂದರೆ ಪ್ಲೇಟಿನ ಹಿಡಿತ ಹೋಯಿತೆಂದೇ ಲೆಕ್ಕ. ಒಂದು ಮಗ್ಗುಲಲ್ಲಿ ರಿವೆಟ್ಟಿನ ತಲೆ ಇನ್ನೇನು ಮೇಲೆ ಬರುವುದರಲ್ಲಿತ್ತು. ಹುಡುಗ ಉಗುರಿನಿಂದ ಅದನ್ನು ಕೆರೆದು ತೋರಿಸಿ, "ಇನ್ನೊಂದ್ ವಾರ ಬಿಟ್ಟಿದ್ರ ಫ್ಲೈವೀಲ್ ತಿಂತಿತ್ರಿ" ಎನ್ನುತ್ತಾನೆ.

ನಾರು ಮತ್ತು ಅಂಟು, ಇವೆರಡು ಕೂಡಿ ಆದ ವಸ್ತುವಿಗೆ ಎಂಜಿನಿಯರುಗಳು ಕಾಂಪೋಸಿಟ್ ಎನ್ನುತ್ತಾರೆ. ಅಂಟು ಎಂದರೆ ಇಲ್ಲಿ ಒಣಗಿದ ಮೇಲೆ ಮತ್ತೆ ಕರಗದ ರಾಳ, ಪಾಲಿಮರ್. ಕ್ಲಚ್ ಪ್ಲೇಟು, ಬ್ರೇಕ್ ಲೈನರುಗಳಲ್ಲಿ ಹೆಚ್ಚಾಗಿ ಇರುವುದು ಫೀನಾಲಿಕ್ ರಾಳ. ಬೆಲ್ಜಿಯಂ ಮೂಲದ ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದ ಬೇಕಲೈಟಿನ ವಂಶವೇ ಇದು. ಅದಕ್ಕೂ ಮೊದಲು, 1897ರ ಸುಮಾರಿಗೆ, ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಾಡಿನಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತ ಇಳಿಜಾರಿನಲ್ಲಿ ಕುದುರೆಗಾಡಿಯವರು ಮರದ ಬ್ರೇಕಿಗೆ ಹಳೆಯ ಬೂಟು ಬಡಿದಿದ್ದನ್ನು ನೋಡಿ, ಮರಕ್ಕಿಂತ ಚೆನ್ನಾಗಿ ಹಿಡಿಯುವ ಲೈನರ್ ಮಾಡುವ ಯೋಚನೆಗೆ ಬಿದ್ದನೆಂದು ಹೇಳುತ್ತಾರೆ. ಮುಂದೆ ಬಹಳ ವರ್ಷ ಲೈನರಿನ ನಾರಿನ ಜಾಗದಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಕುಳಿತಿತ್ತು. ಬೆಂಕಿಗೆ ಅಂಜದ ನಾರದು, ಆದರೆ ಅದರ ಧೂಳು ಉಸಿರಿನೊಡನೆ ಒಳಹೊಕ್ಕು ಶ್ವಾಸಕೋಶಕ್ಕೆ ಕ್ಯಾನ್ಸರ್ ತರುತ್ತದೆಂದು ಸ್ಪಷ್ಟವಾದ ಮೇಲೆ ಅದರ ಜಾಗಕ್ಕೆ ಗಾಜಿನ ನಾರು, ಅರಾಮಿಡ್ ನಾರು, ಉಕ್ಕಿನ ಎಳೆ, ಕಲ್ಲುಣ್ಣೆ ಬಂದವು.

ಲೈನರಿನೊಳಗೆ ನಮ್ಮ ಕಡೆಯದೂ ಒಂದು ಪಾಲಿದೆ. ಗೋಡಂಬಿ ಒಡೆದಾಗ ಉಳಿಯುವ ಸಿಪ್ಪೆಯಿಂದ ಕೈ ಸುಡುವ ಕರಿ ಎಣ್ಣೆ ಬರುತ್ತದೆ. ಮಂಗಳೂರು ಕಡೆಯ ಗೇರುಬೀಜದ ಕಾರ್ಖಾನೆಗಳನ್ನು ಕಂಡವರಿಗೆ ಅದರ ಘಾಟು ಗೊತ್ತು. ಆ ಎಣ್ಣೆಯನ್ನು ಗಟ್ಟಿಯಾದ ರಾಳ ಮಾಡಿ, ಪುಡಿ ಮಾಡಿ ಲೈನರಿಗೆ ಬೆರೆಸುತ್ತಾರೆ. ಹಿಡಿತ ಹದವಾಗಿರಲು, ಬ್ರೇಕು ಕಿರುಗುಟ್ಟದಿರಲು ಆ ಪುಡಿ ಬೇಕು. ಗ್ರಾಫೈಟ್, ಬೇರಿಯಂ ಸಲ್ಫೇಟ್ ಮುಂತಾದ ಇನ್ನೂ ಹತ್ತಾರು ಪುಡಿಗಳು ಜತೆಗಿರುತ್ತವೆ. ಇಷ್ಟೆಲ್ಲ ಮಾಡುವುದು ಕೇವಲ 0.3ರಿಂದ 0.4ರಷ್ಟು ಘರ್ಷಣಾಂಕ, ಅಂದರೆ ಹಿಡಿತದ ಅಳತೆ, ತಪ್ಪದೆ ಸಿಗಲಿ ಎಂದು. ಕಾವು ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ರಾಳ ಒಡೆಯತೊಡಗುತ್ತದೆ, ನಾರಿನ ಕೈ ಬಿಡುತ್ತದೆ. ಹುಡುಗ ತೋರಿಸಿದ ಕರಕಲು ಅದೇ.

ಗ್ಯಾರೇಜಿನಿಂದ ಊರೊಳಗೆ ನಡೆದರೆ ಗಿರಣಿಯ ಸದ್ದು ಮೊದಲು ಸಿಗುತ್ತದೆ, ಅನಂತರ ಬಿಸಿ ಹಿಟ್ಟಿನ ಕಂಪು. ಬುಟ್ಟಿ, ಡಬ್ಬಿ ಸಾಲಾಗಿಟ್ಟು ಹೆಣ್ಣುಮಕ್ಕಳು ಬಾಗಿಲಿಗೆ ಆತು ನಿಂತಿದ್ದಾರೆ. ಜೋಳದ ಹಿಟ್ಟಿನ ಬಿಳಿ ಧೂಳಿ ಗಿರಣಿಯಾತನ ಹುಬ್ಬಿನವರೆಗೂ ಕೂತಿದೆ. ಮೋಟಾರಿನಿಂದ ಬೀಸುಕಲ್ಲಿನ ಗಾಲಿಗೆ ಹೋಗುವ ಪಟ್ಟಾ ಪಟಪಟ ಬಡಿಯುತ್ತಾ ಓಡುತ್ತದೆ. ಅದೂ ನಾರು ಮತ್ತು ಪಾಲಿಮರಿನ ಜೋಡಿಯೇ: ಒಳಗೆ ಹತ್ತಿ ಬಟ್ಟೆಯ ಇಲ್ಲವೆ ಪಾಲಿಯೆಸ್ಟರ್ ದಾರದ ಮಡಿಕೆಗಳು, ಸುತ್ತ ರಬ್ಬರು. ಎಳೆತವನ್ನು ತಾಳುವುದು ಒಳಗಿನ ದಾರ, ಗಾಲಿಯನ್ನು ಹಿಡಿಯುವುದು ಹೊರಗಿನ ರಬ್ಬರು. ಕಾಳು ಹೆಚ್ಚಾಗಿ ಬಿದ್ದು ಕಲ್ಲು ತಡೆದಾಗ ಪಟ್ಟಾ ಜಾರಿ ಚೀರುತ್ತದೆ, ಸುಟ್ಟ ರಬ್ಬರಿನ ವಾಸನೆ ಹಿಟ್ಟಿನ ಕಂಪನ್ನು ಒಂದು ಗಳಿಗೆ ಮುಚ್ಚಿಹಾಕುತ್ತದೆ. ಗಿರಣಿಯಾತ ಕೂಡಲೇ ಕಾಳಿನ ಬಾಯಿ ಕಿರಿದು ಮಾಡುತ್ತಾನೆ. ಹೊಸ ಪಟ್ಟಾ ಎಳೆದು ಹರಿಯುವುದು ಅಪರೂಪ. ಹರಿಯುವುದು ಅಂಚು ಸವೆದು, ರಬ್ಬರು ಹೋಗಿ, ಒಳಗಿನ ದಾರ ಹೊರಗೆ ಇಣುಕಿದ ಮೇಲೆ.

ಎರಡು ಕಡೆ ಒಂದೇ ಮಾತು ಕಂಡಿತಲ್ಲವೇ? ಗಟ್ಟಿತನ ಒಳಗಿನ ನಾರಿನದು. ಬಾಳಿಕೆ ಹೊರಗಿನ ಮೈಯದು, ನಾರನ್ನು ಹಿಡಿದುಕೊಂಡ ಅಂಟಿನದು. ಇವೆರಡೂ ಒಂದೇ ಎಂದುಕೊಂಡಲ್ಲೇ ಎಷ್ಟೋ ಸಾಮಾನು ಹಾಳಾಗುತ್ತವೆ.

ಓಣಿಯಲ್ಲಿ ಮುಂದೆ ಹಂಚಿನ ಮನೆಗಳು. ಸಿಮೆಂಟು ಬಂದರೂ ಮಣ್ಣಿನ ಗೋಡೆ ಪೂರ್ತಿ ಹೋಗಿಲ್ಲ. ಹಿತ್ತಲ ಗೋಡೆಯ ಗಿಲಾವು ಒಂದು ಕಡೆ ಉದುರಿದೆ, ಒಳಗೆ ಭತ್ತದ ಹುಲ್ಲಿನ ತುಣುಕುಗಳು ಹಳದಿಯಾಗಿ ಕಾಣುತ್ತವೆ. ಕೆಮ್ಮಣ್ಣಿಗೆ ಕತ್ತರಿಸಿದ ಹುಲ್ಲು ಹಾಕಿ, ನೀರು ಬಿಟ್ಟು, ಕೆಲವು ದಿನ ಕೊಳೆಯಲು ಬಿಟ್ಟು, ಕಾಲಿನಿಂದ ತುಳಿದು ಹದ ಮಾಡಿ ಕಟ್ಟಿದ ಗೋಡೆ. ಬರೀ ಮಣ್ಣು ಒಣಗುವಾಗ ಕುಗ್ಗಿ ಬಿರಿಯುತ್ತದೆ. ಹುಲ್ಲಿನ ಎಳೆ ಬಿರುಕಿನ ಎರಡೂ ದಡ ಹಿಡಿದು ಅದು ಅಗಲವಾಗದಂತೆ ತಡೆಯುತ್ತದೆ. ಗಾಜಿನ ನಾರು ಎಪಾಕ್ಸಿ ರಾಳದಲ್ಲಿ ಮಾಡುವುದೂ ಇದೇ ಕೆಲಸ. ಮಣ್ಣು ಪಾಲಿಮರ್ ಅಲ್ಲ ನಿಜ, ಉಪಾಯ ಮಾತ್ರ ಒಂದೇ. ಗೋಡೆಯ ಬುಡಕ್ಕೆ ಮಳೆನೀರು ಸಿಡಿದು ಮೈ ಕರಗುತ್ತದಲ್ಲ, ಅಲ್ಲಿಗೆ ಮನೆಯಾಕೆ ಹಬ್ಬ ಹುಣ್ಣಿಮೆಗೊಮ್ಮೆ ಸಗಣಿ ಕಲಸಿ ಸಾರಿಸುತ್ತಾಳೆ. ಸಗಣಿಯಲ್ಲೂ ದನಕ್ಕೆ ಅರಗದೆ ಉಳಿದ ಸಣ್ಣ ನಾರಿದೆ. ಗೋಡೆ ಭಾರ ಹೊರುತ್ತದೆ, ಸಾರಿಸಿದ ಪದರ ಮಳೆಗೆ ಮೈಯೊಡ್ಡುತ್ತದೆ. ಹೋದರೆ ಪದರ ಹೋಗಲಿ, ಮತ್ತೆ ಸಾರಿಸಿದರಾಯಿತು ಎಂಬ ಲೆಕ್ಕ.

ಅದೇ ಹಿತ್ತಲಲ್ಲಿ ದನದ ಕೊಟ್ಟಿಗೆಗೆ ಬೆಳಕು ಬರಲೆಂದು ಎರಡು ಫೈಬರ್ ಶೀಟು ಹಾಕಿದ್ದಾರೆ. ಹಾಕಿದ ಹೊಸತರಲ್ಲಿ ಹಸಿರು ಬೆಳಕು ಚೆಲ್ಲುತ್ತಿದ್ದ ಶೀಟು ಈಗ ಮಬ್ಬಾಗಿದೆ. ಅದರ ಮೇಲ್ಮೈಗೆ ಬೆರಳಾಡಿಸಿದರೆ ಒರಟು ರೋಮ ಸಿಗುತ್ತದೆ, ಸ್ವಲ್ಪ ಹೊತ್ತಿಗೆ ಬೆರಳು ತುರಿಸುತ್ತದೆ. ಅದು ಗಾಜಿನ ನಾರು. ಯಾರೂ ಉಜ್ಜಲಿಲ್ಲ, ಏನೂ ತಿಕ್ಕಲಿಲ್ಲ. ಬಿಸಿಲಿನ ನೇರಳಾತೀತ ಕಿರಣ ರಾಳವನ್ನು ಪುಡಿ ಮಾಡಿತು, ಮುಂಗಾರು ಮಳೆ ಆ ಪುಡಿಯನ್ನು ತೊಳೆಯಿತು, ನಾರು ಬೆತ್ತಲೆಯಾಯಿತು. ಬೆತ್ತಲೆಯಾದ ನಾರಿನ ಗುಂಟ ನೀರು ಒಳಗಿಳಿದು ಉಳಿದ ಅಂಟನ್ನೂ ಬಿಡಿಸುತ್ತದೆ. ಒಳ್ಳೆಯ ಶೀಟಿನ ಮೇಲೆ ಜೆಲ್‌ಕೋಟ್ ಎಂಬ ತೆಳುವಾದ ರಾಳದ ಪದರ ಕೊಡುವುದು ಇದಕ್ಕೇ. ಸಾರಿಸಿದ ಸಗಣಿಯ ಲೆಕ್ಕವೇ ಅಲ್ಲೂ ಇದೆ, ನಾವು ಮಾತ್ರ ಮತ್ತೆ ಬಳಿಯುವುದನ್ನು ಮರೆಯುತ್ತೇವೆ.

ಇಲ್ಲಿಂದ ಹೊಲದ ಕಡೆ ತಿರುಗೋಣ. ಬದುವಿನ ಮೇಲೆ ಆಳೆತ್ತರ ಬೆಳೆದ ಪುಂಡಿ ನಿಂತಿದೆ. ಎಳೆ ಎಲೆಯ ಹುಳಿ ಪಲ್ಯ ಜೋಳದ ರೊಟ್ಟಿಯ ಜತೆ ಈ ಸೀಮೆಯ ಎಲ್ಲರಿಗೂ ಗೊತ್ತು. ದಂಟಿನ ಕತೆ ಹಿರಿಯರಿಗೆ ಮಾತ್ರ ಗೊತ್ತು. ಹೂವಾದ ಮೇಲೆ ದಂಟು ಕೊಯ್ದು, ಸಿವುಡು ಕಟ್ಟಿ, ಕೆರೆಯ ನೀರಿನಲ್ಲಿ ಕಲ್ಲು ಹೇರಿ ಮುಳುಗಿಸಿ ಎರಡು ವಾರದ ಹತ್ತಿರ ಕೊಳೆ ಹಾಕುತ್ತಿದ್ದರು. ನೀರಿನ ಸೂಕ್ಷ್ಮಜೀವಿಗಳು ತೊಗಟೆಯ ಅಂಟನ್ನು ತಿಂದು ನಾರನ್ನು ಬಿಡಿಸುತ್ತವೆ. ಆ ದಿನಗಳಲ್ಲಿ ಕೆರೆಯ ದಂಡೆಗೆ ಬರುತ್ತಿದ್ದ ನಾತಕ್ಕೆ ಮೂಗು ಮುಚ್ಚಿಕೊಂಡೇ ಮೊಣಕಾಲು ನೀರಿನಲ್ಲಿ ನಿಂತು ಸುಲಿದು, ತೊಳೆದು, ಬಡಿದು, ಒಣಗಿಸುತ್ತಿದ್ದರು. ಬೆಳ್ಳಗೆ ಮಿಂಚುವ ಎಳೆಗಳನ್ನು ಕಟ್ಟೆಯ ಮೇಲೆ ಕೂತು ಹೊಸೆದರೆ ಎತ್ತಿನ ಹಗ್ಗ, ಕಣ್ಣಿ, ಮೂಗುದಾರ, ನೆಲುವು. ಹಗ್ಗಕ್ಕೆ ಅಂಟು ಬೇಕಿಲ್ಲ, ಹುರಿಯೇ ಅಂಟು. ಎಳೆದಷ್ಟೂ ಎಳೆಗಳು ಒಂದನ್ನೊಂದು ಬಿಗಿಯುತ್ತವೆ. ಹಗ್ಗ ಹೋಗುವುದು ಗೂಟಕ್ಕೆ ಉಜ್ಜುವ ಕಡೆ, ಕೊಂಬಿಗೆ ತಿಕ್ಕುವ ಕಡೆ. ಅಲ್ಲಿಗೆ ಹಳೆ ಅರಿವೆ ಸುತ್ತುತ್ತಿದ್ದರು.

ಜಗತ್ತು ಕೆನಾಫ್ ಎಂದು ಕರೆಯುವುದು ಇದೇ ಪುಂಡಿಯನ್ನು. ಅದರ ನಾರನ್ನು ಪ್ಲಾಸ್ಟಿಕ್ಕಿನೊಡನೆ ಒತ್ತಿ ಕಾರಿನ ಬಾಗಿಲ ಒಳಹಲಗೆ ಮಾಡುತ್ತಾರೆ. ಫೋರ್ಡ್ ಕಂಪನಿ 2013ರ ಎಸ್ಕೇಪ್ ಕಾರಿನ ಬಾಗಿಲಿಗೆ ಬಳಸಿದ್ದು ಕೆನಾಫನ್ನೇ. ಕಾರಣ ಸರಳ: ಗಾಜಿನ ನಾರು ಘನ ಸೆಂಟಿಮೀಟರಿಗೆ 2.5 ಗ್ರಾಂ ತೂಗಿದರೆ ಪುಂಡಿನಾರು 1.4ರ ಆಸುಪಾಸು. ಹಗುರ, ಬೆಳೆಯುವಂಥದ್ದು, ಬಿದ್ದಲ್ಲಿ ಮಣ್ಣಾಗುವಂಥದ್ದು. ಆದರೆ ನೀರು ಕುಡಿಯುವುದು ಅದರ ದೊಡ್ಡ ದೋಷ. ನೀರು ಕುಡಿದ ನಾರು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ನಡುವೆ ಅಂಟು ಸಡಿಲಾಗುತ್ತದೆ. ಅದಕ್ಕೇ ಪ್ರಯೋಗಾಲಯಗಳಲ್ಲಿ ನಾರನ್ನು ಮೊದಲು ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಿ ತೊಳೆಯುತ್ತಾರೆ. ಮೇಣ, ಕೊಳೆ ಹೋಗಿ ನಾರಿನ ಮೈ ಒರಟಾಗುತ್ತದೆ, ರಾಳ ಗಟ್ಟಿಯಾಗಿ ಹಿಡಿಯುತ್ತದೆ.

ಹುಬ್ಬಳ್ಳಿ, ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳಿಗೆ ಹೋಗುವ ಈ ಊರುಗಳ ಮಕ್ಕಳು ಮೆಕ್ಯಾನಿಕಲ್ ವಿಭಾಗದಲ್ಲಿ ನೋಡುವುದು ಇದೇ ನಾರು ಮತ್ತು ಅಂಟನ್ನೇ, ಸ್ವಲ್ಪ ಬೇರೆ ವೇಷದಲ್ಲಿ. ಲ್ಯಾಬಿನಲ್ಲಿ ಗಾಜುನಾರಿನ ಚಾಪೆಯ ಮೇಲೆ ರೋಲರಿನಿಂದ ಎಪಾಕ್ಸಿ ಹಚ್ಚುವಾಗ ಮೂಗಿಗೆ ಏರುವ ಘಾಟು, ಗಾಳಿಗುಳ್ಳೆ ಉಳಿಯದಂತೆ ಒತ್ತುವ ತಾಳ್ಮೆ, ಒಣಗಿದ ಹಲಗೆಯನ್ನು ಕೊಯ್ಯುವಾಗ ತೋಳಿಗೆಲ್ಲ ಹತ್ತುವ ತುರಿಕೆ. ತುಣುಕನ್ನು ಎರಡು ಕಡೆ ಕಚ್ಚಿ ಎಳೆಯುವ ಯಂತ್ರದಲ್ಲಿಟ್ಟರೆ ಮೊದಲು ಚಿಟಿಚಿಟಿ ಸದ್ದು, ರಾಳ ಬಿರಿದದ್ದು. ಕೊನೆಗೆ ಪಟ್ಟೆಂದು ಸಿಡಿತ, ನಾರು ಹರಿದದ್ದು. ನಾರೆಲ್ಲ ಒಂದೇ ದಿಕ್ಕಿಗೆ ಜೋಡಿಸಿದ ಗಾಜು-ಎಪಾಕ್ಸಿ ಹಲಗೆ ನಾರಿನ ಉದ್ದಕ್ಕೆ ಎಳೆದರೆ 1,000 ಮೆಗಾಪ್ಯಾಸ್ಕಲ್‌ವರೆಗೆ ತಾಳಬಲ್ಲದು, ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 10 ಟನ್. ಅದನ್ನೇ ಅಡ್ಡಕ್ಕೆ ಎಳೆದರೆ 40 ಮೆಗಾಪ್ಯಾಸ್ಕಲ್ ಸುಮಾರಿಗೆ ಬಿಡಿಸಿಕೊಳ್ಳುತ್ತದೆ, ಅಂದರೆ 400 ಕಿಲೋ. ಕಟ್ಟಿಗೆ ಒಡೆಯುವವರು ಕೊಡಲಿಯನ್ನು ಎಳೆಯ ಗುಂಟ ಇಳಿಸುವುದು ಇದೇ ಕಾರಣಕ್ಕೆ, ಮರವೂ ಸೆಲ್ಯುಲೋಸ್ ನಾರನ್ನು ಲಿಗ್ನಿನ್ ಎಂಬ ಅಂಟು ಹಿಡಿದಿಟ್ಟ ವಸ್ತುವೇ. ಆದ್ದರಿಂದ ವಿಮಾನದಂಥ ಕಡೆ ನಾರಿನ ಪದರಗಳನ್ನು ದಿಕ್ಕು ಬದಲಿಸಿ ಬದಲಿಸಿ ಹಾಸುತ್ತಾರೆ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿ 1993ರಲ್ಲಿ ಮೊದಲ ಬಾರಿ ಹಾರಿಸಿದ ಹಂಸ ತರಬೇತಿ ವಿಮಾನದ ಮೈ ಇಂಥ ಪದರಗಳದ್ದು. ತೇಜಸ್ ಯುದ್ಧವಿಮಾನದ ಚೌಕಟ್ಟಿನ ತೂಕದಲ್ಲಿ ಸುಮಾರು 45 ಪ್ರತಿಶತ ಕಾಂಪೋಸಿಟ್.

ಸವೆತ ಅಳೆಯುವ ಯಂತ್ರ ಕಾಲೇಜಿನ ಲ್ಯಾಬಿನ ಇನ್ನೊಂದು ಮೂಲೆಯಲ್ಲಿ. ಗಟ್ಟಿ ಉಕ್ಕಿನ ತಟ್ಟೆ ತಿರುಗುತ್ತದೆ, ಮೇಲೆ ಕಾಂಪೋಸಿಟ್ಟಿನ ಸಣ್ಣ ಕಡ್ಡಿ ತೂಕದ ಭಾರಕ್ಕೆ ಒತ್ತಿಕೊಂಡು ನಿಂತಿರುತ್ತದೆ. ಬೆಂಗಳೂರಿನ ಡ್ಯೂಕಾಂ ಕಂಪನಿ ಇಂಥ ಯಂತ್ರ ಮಾಡಿ ಹೊರದೇಶಕ್ಕೂ ಕಳಿಸುತ್ತದೆ. ಓಟಕ್ಕೆ ಮೊದಲು ಕಡ್ಡಿ ತೂಗಬೇಕು, ಮುಗಿದ ಮೇಲೆ ತೂಗಬೇಕು, ಮಿಲಿಗ್ರಾಮಿನ ಹತ್ತನೇ ಒಂದು ಭಾಗದವರೆಗೆ. ಎಷ್ಟು ಭಾರ, ಎಷ್ಟು ದೂರ ಉಜ್ಜಿತೋ ಅಷ್ಟು ಸವೆತ ಎಂಬ ಲೆಕ್ಕವನ್ನು ಇಂಗ್ಲೆಂಡಿನ ಜಾನ್ ಆರ್ಚರ್ಡ್ 1953ರಲ್ಲಿ ಸೂತ್ರ ಮಾಡಿಟ್ಟ. ಐದು ಕಿಲೋ ಭಾರದಲ್ಲಿ ಎರಡು ಕಿಲೋಮೀಟರ್ ಉಜ್ಜಿಸಿಕೊಂಡ ಒಳ್ಳೆಯ ಕಡ್ಡಿ ಕಳೆದುಕೊಳ್ಳುವುದು ಒಂದು ಘನ ಮಿಲಿಮೀಟರಿನಷ್ಟು, ಒಂದು ಸಾಸಿವೆ ಕಾಳಿಗಿಂತ ಕಡಿಮೆ.

ನಯವಾದ ಉಕ್ಕಿನ ಬದಲು ಮರಳು ಸೇರಲಿ, ಆಟವೇ ಬೇರೆ. ಮೊದಲು ಮೆತ್ತನೆಯ ರಾಳ ಹೋಗುತ್ತದೆ, ಹೊರಬಂದ ನಾರಿನ ತಲೆ ಮುರಿಯುತ್ತದೆ, ಮುರಿದ ಗಾಜಿನ ಚೂರು ತಾನೇ ಮರಳಾಗಿ ಉಳಿದ ಮೈಯನ್ನು ಕೆರೆಯುತ್ತದೆ. ನಾರು ಹಾಕಿದ್ದರಿಂದ ಗಟ್ಟಿಯಾದ ಎಷ್ಟೋ ಪ್ಲಾಸ್ಟಿಕ್ಕುಗಳು ಮರಳಿನ ತಿಕ್ಕಾಟದಲ್ಲಿ ನಾರಿಲ್ಲದ ಪ್ಲಾಸ್ಟಿಕ್ಕಿಗಿಂತ ಬೇಗ ಸವೆಯುತ್ತವೆ! ಅದನ್ನು ತಡೆಯಲು ರಾಳಕ್ಕೆ ಗಟ್ಟಿ ಪುಡಿ ಬೆರೆಸುತ್ತಾರೆ. ಆ ಪುಡಿಗಳಲ್ಲಿ ತಂಬೂರಿನ ಕಣದಲ್ಲಿ ತೂರಿ ಹೋಗುವ ಭತ್ತದ ಹೊಟ್ಟಿನ ಬೂದಿಯೂ ಒಂದು. ಹೊಟ್ಟು ಸುಟ್ಟರೆ ಅದರ ತೂಕದ ಐದನೇ ಒಂದು ಪಾಲು ಬೂದಿ ಉಳಿಯುತ್ತದೆ, ಬೂದಿಯಲ್ಲಿ ನೂರಕ್ಕೆ 90ರ ಆಸುಪಾಸು ಸಿಲಿಕಾ.

ಸವೆಸಲು ಮರಳೇ ಬೇಕೆಂದಿಲ್ಲ. ಗದಗಿನ ದಾರಿ ಹಿಡಿದು ಕಪ್ಪತಗುಡ್ಡದ ಕಡೆ ಹೋದವರು ಗಾಳಿಯಂತ್ರಗಳನ್ನು ನೋಡಿರುತ್ತೀರಿ. ಗಾಜಿನ ನಾರಿನ ಆ ಉದ್ದ ರೆಕ್ಕೆಗಳು ದೂರಕ್ಕೆ ಸೋಮಾರಿಯಾಗಿ ತಿರುಗುತ್ತವೆ. ಆದರೆ ದೊಡ್ಡ ಯಂತ್ರದ ರೆಕ್ಕೆಯ ತುದಿ ಸೆಕೆಂಡಿಗೆ 80 ಮೀಟರ್, ಅಂದರೆ ಗಂಟೆಗೆ 290 ಕಿಲೋಮೀಟರ್ ಸುಮಾರು ಓಡುತ್ತಿರುತ್ತದೆ. ಆ ವೇಗದಲ್ಲಿ ಮಳೆಹನಿಯೂ ಏಟು, ಧೂಳಿಯೂ ಏಟು. ಇಡೀ ಗಾಳಿಯ ಒತ್ತಡ ತಾಳುವ ರೆಕ್ಕೆ ತನ್ನ ಮುಂದಿನ ಅಂಚಿನಲ್ಲಿ ಹನಿ ಹನಿಯಾಗಿ ಸವೆಯುತ್ತದೆ, ಅಂಚು ಒರಟಾದರೆ ವಿದ್ಯುತ್ತೂ ಕಡಿಮೆ. ಅದಕ್ಕೆ ಪಾಲಿಯುರೆಥೇನಿನ ಪಟ್ಟಿ ಅಂಟಿಸುತ್ತಾರೆ, ಹಗ್ಗಕ್ಕೆ ತೂಗಿಬಿದ್ದು ಕೆಲಸಗಾರರು ಅದನ್ನು ಬದಲಿಸುತ್ತಾರೆ. ಕಲಘಟಗಿಯ ಬಣ್ಣದ ತೊಟ್ಟಿಲಿಗೆ ಕುಶಲಕರ್ಮಿಗಳು ಅರಗು ಕೊಡುವುದರಲ್ಲೂ ಈ ಜಾಣತನವಿದೆ: ಮಗುವಿನ ಭಾರ ಸಾಗವಾನಿಗೆ, ಕೈಗಳ ತಿಕ್ಕಾಟ ಅರಗಿಗೆ. ತೊಟ್ಟಿಲು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವುದು ಹೀಗೆ.

ಹಾಗಾಗಿ ಅಂಗಡಿಯಲ್ಲಿ ಶೀಟೋ, ಪಟ್ಟಾವೋ, ಲೈನರೋ ಕೊಳ್ಳುವಾಗ "ಗಟ್ಟಿ ಐತೇನ್ರಿ?" ಎಂದಷ್ಟೇ ಕೇಳಿ ಬರಬೇಡಿ, ಇದು ಎಲ್ಲಿ ಉಜ್ಜುತ್ತದೆ, ಉಜ್ಜುವ ಮೈಯನ್ನು ಮತ್ತೆ ಬಳಿಯಲು ಬದಲಿಸಲು ಬರುತ್ತದೆಯೇ ಎಂದೂ ಕೇಳಿ. ರಿವೆಟ್ಟು ಕಾಣುವ ಮೊದಲೇ ಕ್ಲಚ್ ಪ್ಲೇಟು, ಬ್ರೇಕ್ ಲೈನರು ಬದಲಿಸಿ. ಫೈಬರ್ ಶೀಟಿನ ಮೈ ಮಬ್ಬಾಗತೊಡಗಿದಾಗಲೇ ರಾಳದ ಕೋಟಿಂಗ್ ಬಳಿಸಿ, ನಾರು ಎದ್ದ ಮೇಲೆ ಬಳಿದು ಪ್ರಯೋಜನ ಕಡಿಮೆ. ಬ್ರೇಕ್ ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದಾಗಲಿ, ಗಾಳಿಪಂಪಿನಿಂದಾಗಲಿ ಊದದೆ ಒದ್ದೆ ಬಟ್ಟೆಯಿಂದ ಒರೆಸಲು ಗ್ಯಾರೇಜಿನ ಹುಡುಗನಿಗೆ ಹೇಳಿ. ಮುರಿದ ಫೈಬರ್ ಸಾಮಾನನ್ನು ಒಲೆಗೆ, ತಿಪ್ಪೆಯ ಬೆಂಕಿಗೆ ಹಾಕಬೇಡಿ: ಆ ರಾಳ ಕರಗಿ ಮತ್ತೆ ಬಳಕೆಗೆ ಬರುವುದಿಲ್ಲ, ಹೊಗೆಯಾಗಿ ಮನೆಮಂದಿಯ ಎದೆಗೆ ಇಳಿಯುತ್ತದೆ, ಒಳಗಿನ ಗಾಜು ಮಾತ್ರ ಮಣ್ಣಿನಲ್ಲಿ ಹಾಗೇ ಉಳಿಯುತ್ತದೆ.